ಕಿರುಬೆರಳಿನ ದೂರು

ಸೈಕಲ್ ತುಳಿಯುವುದು ಕಾಲಿನ ಕೆಲಸ ಎಂದೇ ಎಲ್ಲರೂ ತಿಳಿದುಕೊಂಡಿರುತ್ತಾರೆ. ಐದಾರು ಕಿಲೋಮೀಟರು ಹೋಗಿ ಬರುವವರಿಗೆ ಅದು ನಿಜವೂ ಹೌದು. ಇಪ್ಪತ್ತು, ಮೂವತ್ತು, ಐವತ್ತು ಕಿಲೋಮೀಟರು ಹೋಗಿ ನೋಡಿ. ಕಾಲು ನೋಯುತ್ತದೆ; ರಾತ್ರಿ ಬಿಸಿನೀರು ಹುಯ್ದುಕೊಂಡು ಮಲಗಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕೈಯ ಕಥೆ ಬೇರೆ. ಅದು ಮೊದಲು ಜುಮ್ ಎನ್ನುತ್ತದೆ, ಆಮೇಲೆ ಇರುವೆ ಹರಿದ ಹಾಗಾಗುತ್ತದೆ, ಕೊನೆಗೆ ಬೆರಳು ಇದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ನೋವಾದರೆ ಮಕ್ಕಳು ಅಳುತ್ತಾರೆ, ನಮ್ಮಂಥ ಮುದುಕರು ಗೊಣಗುತ್ತೇವೆ. ಜುಮ್ ಎಂದರೆ ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ.

ನಾನು ಮೂವತ್ತನಾಲ್ಕು ವರ್ಷ ಅಂಚೆ ಹಂಚಿದವನು. ಮೈಸೂರಿನ ಆಚೆಯ ಹಳ್ಳಿಗಳ ಬೀಟು. ದಿನಕ್ಕೆ ಇಪ್ಪತ್ತೈದು ಕಿಲೋಮೀಟರಿಗೆ ಕಡಿಮೆಯಿಲ್ಲದ ಸವಾರಿ. ಆ ಕಾಲದ ಕರಿ ಸೈಕಲ್ಲನ್ನು ಅಜ್ಜ ಅಜ್ಜಿಯರು ಬಲ್ಲರು, ಮಕ್ಕಳು ಫೋಟೋದಲ್ಲಾದರೂ ನೋಡಿರಬಹುದು. ಅದರ ಹ್ಯಾಂಡಲ್ ಸವಾರನ ಕಡೆಗೆ ಬಾಗಿಕೊಂಡು ಬರುತ್ತಿತ್ತು. ಹಿಡಿಯುವ ಜಾಗ ಸೀಟಿಗಿಂತ ಎತ್ತರ. ಬೆನ್ನು ನೆಟ್ಟಗೆ. ಮೈಭಾರವೆಲ್ಲ ಸ್ಪ್ರಿಂಗಿನ ಮೇಲಿನ ಚರ್ಮದ ಸೀಟಿಗೆ, ಉಳಿದದ್ದು ಪೆಡಲ್ಲಿಗೆ. ಕೈ ಇದ್ದದ್ದು ದಾರಿ ತೋರಿಸುವುದಕ್ಕೆ, ಬೆಲ್ ಹೊಡೆಯುವುದಕ್ಕೆ, ಮನಿಯಾರ್ಡರ್ ಬಂತೇ ಎಂದು ಕೇಳುವವರಿಗೆ ದೂರದಿಂದಲೇ ಇಲ್ಲ ಎಂದು ಆಡಿಸುವುದಕ್ಕೆ. ಎದುರುಗಾಳಿ ಬೀಸಿದರೆ ಅಂಗಿ ಉಬ್ಬಿ ಸೈಕಲ್ ನಿಂತೇ ಹೋಗುತ್ತಿತ್ತು, ಅದು ನಿಜ. ಆದರೆ ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಅಂಗೈ ಜುಮ್ ಎಂದದ್ದು ನೆನಪಿಲ್ಲ.

ಹೀಗಾಗಿ ನನ್ನ ಮೊಮ್ಮಗಳ ಬೆರಳು ಮರಗಟ್ಟಿತು ಎಂದಾಗ ನನಗದು ಹೊಸ ವಿಷಯವೇ ಆಗಿತ್ತು.

ಅವಳು ಒಂಬತ್ತನೇ ತರಗತಿ. ಗೇರ್ ಸೈಕಲ್ಲು, ನೇರ ಕೋಲಿನಂಥ ಹ್ಯಾಂಡಲ್. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಹೊರಟುಬಿಡುತ್ತೇವೆ. ಕಳೆದ ಚಳಿಗಾಲದಲ್ಲಿ ನಂಜನಗೂಡಿಗೆ ಹೋಗಿದ್ದೆವು. ಮಂಡಕಳ್ಳಿ, ಕಡಕೊಳ, ತಾಂಡವಪುರ ದಾಟಿ ಕಪಿಲೆಯ ದಂಡೆಗೆ. ಹೋಗಿಬರುವುದು ಸುಮಾರು ಐವತ್ತು ಕಿಲೋಮೀಟರು. ಶ್ರೀಕಂಠೇಶ್ವರನ ದರ್ಶನ, ಇಡ್ಲಿ, ಒಂದು ಚಿಪ್ಪು ಬಾಳೆಹಣ್ಣು, ವಾಪಸು. ಬರುವಾಗ ಅವಳು ಎರಡು ಮೂರು ಸಲ ಕೈ ಒದರಿಕೊಂಡಳು. ಕೇಳಿದೆ. "ಏನಿಲ್ಲ ತಾತ" ಎಂದಳು.

ಸಂಗೀತದ ಜೂನಿಯರ್ ಪರೀಕ್ಷೆಗೆ ಇನ್ನು ಮೂರು ವಾರ ಇತ್ತು. ಅವಳು ಪಿಟೀಲು ಕಲಿಯುತ್ತಿದ್ದಾಳೆ. ಸೋಮವಾರ, ಮಂಗಳವಾರ ಮಹಡಿಯ ಮೇಲಿಂದ ಬರುವ ನಾದ ಏನೋ ತೊದಲುತ್ತಿತ್ತು. ಬುಧವಾರ ಕಮಾನು ಕೈ ಜಾರಿ ಕೆಳಗೆ ಬಿತ್ತು. ಆಗ ಬಾಯಿ ಬಿಟ್ಟಳು. ಬಲಗೈಯ ಕಿರುಬೆರಳು ಕಮಾನಿನ ಮೇಲೆ ಕೂತಿದೆಯೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿರಲಿಲ್ಲವಂತೆ. ಪಕ್ಕದ ಉಂಗುರ ಬೆರಳಿನ ಅರ್ಧಭಾಗವೂ ಹಾಗೇ.

"ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಿ?"

"ಹೇಳಿದ್ರೆ ಅಮ್ಮ ಸೈಕಲ್ ಬೀಗ ಹಾಕ್ತಾಳೆ."

ಅಮ್ಮ ಹಾಕಿಯೂ ಹಾಕಿದಳು. "ಮಾವ, ನೀವು ಬೇಜಾರು ಮಾಡ್ಕೋಬೇಡಿ. ಪರೀಕ್ಷೆ ಮುಗಿಯೋವರೆಗೂ ಸೈಕಲ್ಲು ಬೇಡ, ಆಮೇಲೂ ಬೇಕಾ ಅಂತ ಯೋಚನೆ ಮಾಡೋಣ" ಎಂದಳು ಸೊಸೆ. ತಾಯಿಯಾದವಳು ಹೆದರುವುದು ಸಹಜ, ನಾನು ವಾದಿಸಲಿಲ್ಲ. ಸಂಜೆಗೆ ಮೂವರೂ ಮೂಳೆ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಮೊದಲು ಮಾಡಿದ ಪರೀಕ್ಷೆಗೆ ಯಂತ್ರವೂ ಬೇಕಿರಲಿಲ್ಲ. ಬೆರಳುಗಳನ್ನು ನೇರಮಾಡಿಸಿ ಕಿರುಬೆರಳು, ಉಂಗುರ ಬೆರಳುಗಳ ನಡುವೆ ಒಂದು ಚೀಟಿ ಸಿಕ್ಕಿಸಿದರು. "ಗಟ್ಟಿಯಾಗಿ ಹಿಡ್ಕೋಮ್ಮ" ಎಂದು ಮೆಲ್ಲಗೆ ಎಳೆದರು. ಎಡಗೈಯಲ್ಲಿ ಚೀಟಿ ಹರಿಯುವ ಹಾಗಾಯಿತು, ಬಲಗೈಯಲ್ಲಿ ಸ್ವಲ್ಪ ಸಡಿಲವಾಗಿ ಜಾರಿ ಬಂತು. "ನರ ಒತ್ತಿಹೋಗಿದೆ, ಅಷ್ಟೆ. ಕೈಗೆ ಭಾರ ಬೀಳದಂತೆ ಇರಲಿ, ಬರುತ್ತೆ. ಮೂರು ದಿನ ಸುಮ್ಮನಿದ್ದಳಲ್ಲ, ಅದೊಂದು ಸರಿಯಲ್ಲ" ಎಂದರು.

ಆಮೇಲೆ ಅವರು ಅವಳಿಗೆ ತಿಳಿಸಿಕೊಟ್ಟದ್ದನ್ನು ಮಕ್ಕಳೇ, ನೀವೂ ಈಗಲೇ ಮಾಡಿ ನೋಡಬಹುದು. ಎಡಗೈ ಅಂಗಾತ ಚಾಚಿ. ಮಣಿಕಟ್ಟಿನ ಗೆರೆಯ ಹತ್ತಿರ, ಕಿರುಬೆರಳಿನ ನೇರಕ್ಕೆ, ಅಂಗೈಯ ಬುಡವನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿ. ಬಟಾಣಿ ಕಾಳಿನಷ್ಟು ಗಟ್ಟಿ ಗಂಟು ಸಿಗುತ್ತದೆಯೇ? ಅದು ಮೂಳೆ. ಮಣಿಕಟ್ಟಿನಲ್ಲಿರುವ ಎಂಟು ಪುಟ್ಟ ಮೂಳೆಗಳಲ್ಲಿ ಅದೂ ಒಂದು. ವೈದ್ಯರು ಅದಕ್ಕೆ ಇಟ್ಟಿರುವ ಲ್ಯಾಟಿನ್ ಹೆಸರಿನ ಅರ್ಥವೂ ಬಟಾಣಿಯಂಥದ್ದು ಎಂದೇ. ಅದರ ಪಕ್ಕದಲ್ಲಿ ಕೊಕ್ಕೆಯಂಥ ಇನ್ನೊಂದು ಮೂಳೆ. ಎರಡರ ನಡುವೆ ಒಂದು ಕಿರಿದಾದ ಓಣಿ. 1861ರಲ್ಲಿ ಫ್ರಾನ್ಸಿನ ಫೆಲಿಕ್ಸ್ ಗಿಯೋನ್ ಎಂಬ ಶಸ್ತ್ರವೈದ್ಯರು ಈ ಓಣಿಯನ್ನು ವಿವರಿಸಿದರು, ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಪೆಡಲ್ ಇರುವ ಸೈಕಲ್ಲು ಫ್ರಾನ್ಸಿನಲ್ಲಿ ಓಡಾಡತೊಡಗಿದ್ದೂ ಅದೇ 1860ರ ದಶಕದಲ್ಲಿ ಎನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಆ ಓಣಿಯಲ್ಲಿ ಹಾದುಹೋಗುವ ನರ ನಿಮಗೆಲ್ಲ ಪರಿಚಯದ್ದೇ. ಮೊಣಕೈ ಬಾಗಿಲಿಗೋ ಬೆಂಚಿಗೋ ಬಡಿದಾಗ ಕರೆಂಟು ಹೊಡೆದ ಹಾಗೆ ಕಿರುಬೆರಳವರೆಗೂ ಝಿಲ್ ಎನ್ನುವುದಿಲ್ಲವೇ? ಅದೇ ನರ. ಮೊಣಕೈಯಲ್ಲಿ ಬಡಿದರೆ ಒಂದು ಕ್ಷಣದ ಆಟ. ಅಂಗೈ ಬುಡದಲ್ಲಿ ಅದರ ಮೇಲೆ ಮೈಭಾರ ಹಾಕಿ ಎರಡು ಗಂಟೆ ಗಡಗಡ ಕುಲುಕಿದರೆ ಅದು ಸುಮ್ಮನಿರುತ್ತದೆಯೇ? ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಅದು ಇನ್ನೊಂದು ನರ. ಅಂಗೈ ಬುಡದ ಮಧ್ಯದಿಂದ ಹೋಗುವುದು. ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಹ್ಯಾಂಡಲ್ ಹಿಡಿಯುವವರಿಗೆ ಇದು ಹೆಚ್ಚು. ಯಾವ ಬೆರಳು ದೂರು ಕೊಟ್ಟಿತು ಎಂದು ನೋಡಿದರೆ ಎಲ್ಲಿ ಒತ್ತಿದೆ ಎಂದು ತಿಳಿಯುತ್ತದೆ. ವಿಳಾಸ ಸರಿಯಾಗಿ ಬರೆದ ಕಾಗದದ ಹಾಗೆ.

ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ ಅವಳನ್ನು ಅದರ ಮೇಲೆ ಕೂರಿಸಿ ಪಕ್ಕದಿಂದ ನೋಡಿದೆ. ಕಾರಣ ಕಣ್ಣಿಗೆ ಹೊಡೆಯುತ್ತಿತ್ತು. ಸೈಕಲ್ ತಂದಾಗಿನಿಂದ ಹುಡುಗಿ ಗೇಣುದ್ದ ಬೆಳೆದಿದ್ದಾಳೆ. ಬೆಳೆದ ಹಾಗೆಲ್ಲ ಸೀಟು ಮೇಲೇರಿದೆ, ಅದು ಏರಬೇಕಾದದ್ದೇ. ಹ್ಯಾಂಡಲ್ ಮಾತ್ರ ಅಂಗಡಿಯಿಂದ ಬಂದಾಗ ಎಲ್ಲಿತ್ತೋ ಅಲ್ಲೇ ಇದೆ. ಸೀಟು ಎತ್ತರ, ಹ್ಯಾಂಡಲ್ ತಗ್ಗು, ನಡುವೆ ಇಳಿಜಾರು. ಸಾಲದ್ದಕ್ಕೆ ಸೀಟಿನ ಮೂತಿ ಮುಂದಕ್ಕೆ ಬಗ್ಗಿತ್ತು. ಹಾಗಿಟ್ಟರೆ ಹಾಯಾಗಿರುತ್ತೆ ಎಂದು ಯಾರೋ ಗೆಳತಿ ಹೇಳಿದ್ದಳಂತೆ. ಕೂತವಳು ಪ್ರತಿ ಕ್ಷಣವೂ ಮುಂದಕ್ಕೆ ಜಾರುತ್ತಾಳೆ, ಜಾರದಂತೆ ತಡೆಯುವುದಕ್ಕೆ ಇರುವುದು ಎರಡು ಅಂಗೈ ಮಾತ್ರ. ಮೊಣಕೈ ಕಬ್ಬಿಣದ ಸರಳಿನ ಹಾಗೆ ನೆಟ್ಟಗೆ. ರಸ್ತೆಯ ಪ್ರತಿ ಗುಂಡಿಯೂ ಚಕ್ರದಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಆ ಬಟಾಣಿ ಮೂಳೆಗೆ ನೇರವಾಗಿ ಬಟವಾಡೆ ಆಗುತ್ತಿತ್ತು.

ಕೈ ನೋವಿಗೆ ಕೈಯಲ್ಲಿ ಮದ್ದು ಹುಡುಕುವುದು ನಮ್ಮ ಅಭ್ಯಾಸ. ಮಗ ಆಗಲೇ ಮೆತ್ತನೆಯ ಕೈಗವಸು ತರಿಸಲು ಫೋನು ಹಿಡಿದಿದ್ದ. ನಾನು ತಡಿ ಎಂದೆ. ಭಾರ ಕೈಗೆ ಬರುತ್ತಿರುವುದೇ ಸೀಟಿನಿಂದ. ಮೊದಲು ಅದು ಸರಿಯಾಗಬೇಕು.

ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರಿಂದ ರಸಮಟ್ಟ ಈಸಿಕೊಂಡು ಬಂದೆ. ಸೈಕಲ್ಲನ್ನು ಸಮನೆಲದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ಒಂದು ಪಟ್ಟಿ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟೆವು. ಗುಳ್ಳೆ ನಡುವಿಗೆ ಬರುವವರೆಗೂ ಮೊಮ್ಮಗಳೇ ಸೀಟಿನ ಕೆಳಗಿನ ನಟ್ಟು ಸಡಿಲಿಸಿ ಬಿಗಿಮಾಡಿದಳು. ಹ್ಯಾಂಡಲ್ ಎತ್ತರಿಸುವುದು ಸೈಕಲ್ ಶಾಪಿನವರ ಕೆಲಸವಾಯಿತು. ಈಗಿನ ಸೈಕಲ್ಲಿನಲ್ಲಿ ಹ್ಯಾಂಡಲ್ ಹಿಡಿದಿರುವ ಮೋಟು ಕಂಬಿಯನ್ನು ಬಿಚ್ಚಿ ತಲೆಕೆಳಗು ಮಾಡಿ ಹಾಕಿದರೆ ಅದು ಮೇಲ್ಮುಖವಾಗುತ್ತದೆ. ಅದರ ಮೇಲಿದ್ದ ಬಳೆಯಂಥ ವಾಷರುಗಳನ್ನು ಅದರ ಕೆಳಗೆ ಹಾಕಿದರೆ ಇನ್ನೂ ಸ್ವಲ್ಪ ಏರುತ್ತದೆ. ಎರಡೂ ಮಾಡಿಸಿದೆವು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ, ಕೂಲಿ ಮಾತ್ರ. ಬ್ರೇಕಿನ ಹಿಡಿಯನ್ನೂ ಸ್ವಲ್ಪ ಕೆಳಮುಖವಾಗಿ ತಿರುಗಿಸಿದರು. ಮೊಣಕೈಯಿಂದ ಬೆರಳವರೆಗೆ ಒಂದು ಗೆರೆ ಎಳೆದರೆ ಅದು ಮಣಿಕಟ್ಟಿನಲ್ಲಿ ಮುರಿಯಬಾರದು, ಬ್ರೇಕು ಆ ಗೆರೆಯ ತುದಿಯಲ್ಲಿ ಸಿಗಬೇಕು. ಇಷ್ಟು ನೆನಪಿದ್ದರೆ ಯಾವ ಸೈಕಲ್ಲಿಗಾದರೂ ಆಯಿತು.

ಇನ್ನು ಗಾಳಿಯ ವಿಷಯ. ಟೈರು ಕಲ್ಲಿನಂತಿರಬೇಕು ಎಂದು ನಮ್ಮ ಹುಡುಗರು ತಿಳಿದಿದ್ದಾರೆ; ಹೆಬ್ಬೆರಳಿನಲ್ಲಿ ಒತ್ತಿ, ಒತ್ತದಿದ್ದರೆ ಸಂತೋಷಪಡುತ್ತಾರೆ. ಗಾಳಿ ತುಂಬಿದ ಟೈರು ಬಂದದ್ದೇ ಮೆತ್ತಗಿರಲಿ ಎಂದು. ಬೆಲ್‌ಫಾಸ್ಟಿನಲ್ಲಿ ದನ ಕುದುರೆಗಳ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರ್ ಕೊಳವೆಯಲ್ಲಿ ಗಾಳಿ ತುಂಬಿ ಸುತ್ತಿಕೊಟ್ಟರು. ಗಟ್ಟಿ ರಬ್ಬರಿನ ಚಕ್ರದಲ್ಲಿ ಆ ಹುಡುಗನ ಸವಾರಿ ಕುಲುಕಾಟವಾಗಿತ್ತು. ಮರುವರ್ಷ ಪೇಟೆಂಟು ಪಡೆದರು. ಅದಕ್ಕೂ ಹಿಂದೆ ಇಂಗ್ಲಿಷರು ಸೈಕಲ್ಲಿಗೆ ಇಟ್ಟಿದ್ದ ಅಡ್ಡಹೆಸರನ್ನು ಕನ್ನಡದಲ್ಲಿ ಮೂಳೆಕುಲುಕ ಎನ್ನಬಹುದು. ಅಪ್ಪನೊಬ್ಬ ಮಗನಿಗಾಗಿ ಮೆತ್ತಗೆ ಮಾಡಿದ್ದನ್ನು ನಾವು ಪಂಪು ಹೊಡೆದು ಮತ್ತೆ ಕಲ್ಲು ಮಾಡುತ್ತಿದ್ದೇವೆ. ಟೈರಿನ ಪಕ್ಕದಲ್ಲೇ ಇಷ್ಟರಿಂದ ಇಷ್ಟರವರೆಗೆ ಗಾಳಿ ಎಂದು ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಹಗುರ ಮೈಯ ಮಕ್ಕಳಿಗೆ ಅದರಲ್ಲಿ ಕೆಳಗಿನ ಅಂಕಿಯ ಹತ್ತಿರ ಇದ್ದರೆ ಸಾಕು.

ಫ್ರಾನ್ಸಿನಲ್ಲಿ ಪ್ಯಾರಿಸ್-ರೂಬೆ ಎಂಬ ಸೈಕಲ್ ಪಂದ್ಯವಿದೆ, 1896ರಲ್ಲಿ ಶುರುವಾದದ್ದು. ಈಗ ಅದರಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಕಲ್ಲು ಹಾಸಿನದು. ಅಲ್ಲಿ ಓಡುವವರಲ್ಲಿ ಹಲವರು ಹ್ಯಾಂಡಲ್ಲಿಗೆ ಎರಡು ಸುತ್ತು ಪಟ್ಟಿ ಸುತ್ತಿಸಿಕೊಳ್ಳುತ್ತಾರೆ, ಅಗಲ ಟೈರು ಹಾಕಿ ಗಾಳಿ ಇಳಿಸುತ್ತಾರೆ. ಆದರೂ ಬೊಬ್ಬೆ ಎದ್ದ ಅಂಗೈ ತೋರಿಸುವುದುಂಟು. ಅವರಿಗೆ ಸಿಗುವ ಬುದ್ಧಿಮಾತು ಒಂದೇ: ಕಲ್ಲು ಬಂದಾಗ ಹಿಡಿತ ಸಡಿಲಿಸು. ನಮಗೆ ಬರುವುದು ಅದರ ತಿರುಗು. ಗುಂಡಿ ಕಂಡ ತಕ್ಷಣ ಕೈ ಬಿಗಿಯಾಗುತ್ತದೆ, ಹಲ್ಲೂ ಬಿಗಿಯಾಗುತ್ತದೆ. ನಾನು ಮೊಮ್ಮಗಳಿಗೆ ಹೇಳಿಕೊಟ್ಟದ್ದು ಹೀಗೆ: ಹ್ಯಾಂಡಲ್ಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿ. ಹಾರಿಹೋಗಬಾರದು, ಸಾಯಲೂಬಾರದು.

ಹಿಡಿತ ಸರಿಯಿದೆಯೇ ಎಂದು ನೋಡುವುದಕ್ಕೆ ಅವಳೇ ಒಂದು ಉಪಾಯ ಕಂಡುಹಿಡಿದಳು. ವಾಹನವಿಲ್ಲದ ನೇರ ರಸ್ತೆಯಲ್ಲಿ, ಹೆಬ್ಬೆರಳು ಹ್ಯಾಂಡಲ್ ಬಿಡದೆ, ಉಳಿದ ನಾಲ್ಕು ಬೆರಳಿನಿಂದ ಗ್ರಿಪ್ಪಿನ ಮೇಲೆ ಆದಿತಾಳ ಹಾಕುವುದು. ಬೆರಳು ಸಲೀಸಾಗಿ ಆಡಿದರೆ ಭಾರ ಸೀಟಿನ ಮೇಲಿದೆ. ಬೆರಳು ಎತ್ತಿದ ಕೂಡಲೇ ಎದೆ ಮುಂದಕ್ಕೆ ಬಿದ್ದಂತಾದರೆ ಭಾರ ಕೈ ಮೇಲಿದೆ. ಹೊಟ್ಟೆ ಸೊಂಟದ ಸ್ನಾಯು ದಣಿದಾಗಲೂ ಹಾಗಾಗುತ್ತದೆ, ಆಗ ಇಳಿದು ಕೂರುವುದೇ ಸರಿ. ಕೈ ಬಿಟ್ಟು ಸೈಕಲ್ ಹೊಡೆದು ಪರೀಕ್ಷೆ ಮಾಡುವ ವೀರರು ಮಾತ್ರ ಇದನ್ನು ಮನೆಯಲ್ಲೇ ಓದಿ ಮುಗಿಸಿ, ರಸ್ತೆಗೆ ತರಬೇಡಿ.

ನೇರ ಹ್ಯಾಂಡಲ್ಲಿನ ದೊಡ್ಡ ತೊಂದರೆ ಎಂದರೆ ಹಿಡಿಯಲು ಒಂದೇ ಜಾಗ. ಅದೇ ಜಾಗ ಗಂಟೆಗಟ್ಟಲೆ ಒತ್ತಿಸಿಕೊಳ್ಳುತ್ತದೆ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಅಂಗೈಯನ್ನು ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ ಸರಿಸುತ್ತಿರಬೇಕು. ತುದಿಯಲ್ಲಿ ಕೊಂಬು ಹಾಕಿಸಿಕೊಂಡರೆ ಇನ್ನೊಂದು ಹಿಡಿ ಸಿಕ್ಕಿತು. ನಾವು ಅರ್ಧ ಗಂಟೆಗೊಮ್ಮೆ ನಿಲ್ಲುತ್ತೇವೆ. ಮುಷ್ಟಿ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಹತ್ತು ಸಲ, ಕೈ ಒದರುವುದು ಹತ್ತು ಸಲ, ಒಂದು ಗುಟುಕು ನೀರು. ದಾರಿಹೋಕರು ನಾವೇನೋ ವ್ರತ ಮಾಡುತ್ತಿದ್ದೇವೆ ಎಂದುಕೊಳ್ಳಬಹುದು.

ಕೈಗವಸನ್ನೂ ಕೊನೆಗೆ ತಂದೆವು, ಮಗನ ಮನಸ್ಸು ಯಾಕೆ ನೋಯಿಸಲಿ. ಒಂದು ಮಾತು: ಹೆಚ್ಚು ಮೆತ್ತೆ ಇದ್ದರೆ ಹೆಚ್ಚು ಒಳ್ಳೆಯದು ಎಂದೇನಿಲ್ಲ. ದಪ್ಪ ಮೆತ್ತೆ ಒಂದೇ ಕಡೆ ಮುದ್ದೆಯಾಗಿ ಆ ಓಣಿಯನ್ನೇ ಒತ್ತಬಹುದು, ಹಿಡಿ ದಪ್ಪವಾದಷ್ಟೂ ಪುಟ್ಟ ಕೈ ಇನ್ನೂ ಬಿಗಿಯಾಗಿ ಅಮುಕಬೇಕಾಗುತ್ತದೆ. ತೆಳುವಾದದ್ದು, ಕೈಗೆ ಸರಿಯಾಗಿ ಕೂರುವುದು ಸಾಕು. ಗ್ರಿಪ್ಪು ಸವೆದು ಕಬ್ಬಿಣ ಇಣುಕುತ್ತಿದ್ದರೆ ಅದನ್ನು ಬದಲಾಯಿಸಿ. ನಮ್ಮ ಕಾಲದಲ್ಲಿ ಗ್ರಿಪ್ಪಿನ ತುದಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಎಳೆ ಜೋತುಬಿಡುತ್ತಿದ್ದರು. ಕೈಗೆ ಅದರಿಂದ ಏನೂ ಉಪಯೋಗವಿರಲಿಲ್ಲ, ಆದರೂ ಈಗ ಎಲ್ಲಾದರೂ ಸಿಕ್ಕಿದರೆ ಒಂದು ಜೊತೆ ಕೊಳ್ಳುವವನೇ.

ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳು ಐವತ್ತು ಕಿಲೋಮೀಟರು ಹೋಗುವುದಿಲ್ಲ, ನಿಜ. ಆದರೆ ಬೆನ್ನಿಗೆ ಪುಸ್ತಕದ ಚೀಲ ಇರುತ್ತದಲ್ಲ? ಅವಳ ಚೀಲ ತೂಗಿದೆ, ಆರೂವರೆ ಕಿಲೋ. ಮುಂದಕ್ಕೆ ಬಾಗಿ ಕೂತವರ ಬೆನ್ನ ಮೇಲಿನ ಭಾರದಲ್ಲಿ ಒಂದು ಪಾಲು ಅಂಗೈಗೇ ಇಳಿಯುತ್ತದೆ. ಈಗ ಹಿಂದಿನ ಕ್ಯಾರಿಯರಿಗೆ ಕಟ್ಟುತ್ತಾಳೆ. ಹಗ್ಗದ ತುದಿ ಚಕ್ರಕ್ಕೆ ಸಿಗದಂತೆ ನೋಡಿಕೊಳ್ಳಬೇಕು, ಅಷ್ಟೆ. ಅಂಚೆ ಚೀಲ ಹ್ಯಾಂಡಲ್ಲಿಗೆ ನೇತುಹಾಕುವವರೂ ನಮ್ಮಲ್ಲಿದ್ದರು. ತಿರುವಿನಲ್ಲಿ ಅದು ತಾನೇ ದಾರಿ ಹಿಡಿದುಬಿಡುತ್ತಿತ್ತು.

ಹನ್ನೆರಡನೇ ದಿನ ಚೀಟಿ ಎರಡೂ ಕೈಯಲ್ಲಿ ಒಂದೇ ಸಮ ನಿಂತಿತು. ಪರೀಕ್ಷೆಯೂ ಆಯಿತು, ಪಾಸೂ ಆದಳು. ಸೊಸೆ ಬೀಗದ ಕೈ ಕೊಡುವಾಗ ಒಂದು ಷರತ್ತು ಹಾಕಿದಳು: ಜುಮ್ ಎಂದ ದಿನವೇ ಹೇಳಬೇಕು. ತನ್ನ ಕಡೆಯಿಂದಲೂ ಒಂದು ಮಾತು ಕೊಟ್ಟಳು: ಹೇಳಿದ್ದಕ್ಕೆ ಬೀಗ ಹಾಕುವುದಿಲ್ಲ. ನನಗೆ ಎರಡನೆಯದೇ ಹೆಚ್ಚು ಮುಖ್ಯ ಎನಿಸಿತು.

ಯಾಕೆಂದರೆ ಹೇಳದೇ ಇದ್ದವರೊಬ್ಬರು ನನಗೆ ಗೊತ್ತು. ನನ್ನ ಬೀಟಿನಲ್ಲಿ ಒಬ್ಬ ಹಾಲಿನ ಅಣ್ಣ ಇದ್ದರು. ಕ್ಯಾರಿಯರಿನ ಎರಡೂ ಪಕ್ಕ ಹಾಲಿನ ಕ್ಯಾನು. ಹಿಂದಿನ ಭಾರಕ್ಕೆ ಮುಂದಿನ ಚಕ್ರ ಏಳಬಾರದೆಂದು ಹ್ಯಾಂಡಲ್ಲಿನ ಮೇಲೆ ಎದೆಯ ಭಾರ ಬಿಟ್ಟು, ಮುಂಜಾನೆಯ ಚಳಿಯಲ್ಲಿ ಬರಿಗೈಯಲ್ಲಿ, ವರ್ಷಗಟ್ಟಲೆ ತುಳಿದರು. ಕೈ ಜುಮ್ ಎನ್ನುವುದನ್ನು ವಾಯು ಎಂದುಕೊಂಡರು, ಆಮೇಲೆ ವಯಸ್ಸು ಎಂದುಕೊಂಡರು. ಡಾಕ್ಟರಿಗೆ ತೋರಿಸುವ ಹೊತ್ತಿಗೆ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು, ಕೊನೆಯ ಎರಡು ಬೆರಳು ಮಡಿಸಿಕೊಂಡಿದ್ದವು. ಸಕ್ಕರೆ ಕಾಯಿಲೆಯೂ ಸೇರಿಕೊಂಡಿತ್ತು. ಎಲ್ಲವೂ ಸೇರಿ ನರವನ್ನು ತಿಂದಿದೆ ಎಂದರಂತೆ. ಇವತ್ತು ಅಂಗಿಯ ಗುಂಡಿ ಹಾಕಲು ಅವರಿಗೆ ಹೆಂಡತಿ ಬೇಕು. ನನ್ನ ವಯಸ್ಸಿನವರೇ, ಕೈಯಿಳಿದು ಒಂದೆರಡು ದಿನವಾದರೂ ಜೋಮು ಬಿಡದಿದ್ದರೆ, ರಾತ್ರಿ ಮಲಗಿದಾಗ ಎಬ್ಬಿಸುತ್ತಿದ್ದರೆ, ಲೋಟ ಜಾರುತ್ತಿದ್ದರೆ ಅದನ್ನು ವಾಯುವಿನ ಲೆಕ್ಕಕ್ಕೆ ಬರೆಯಬೇಡಿ. ಹೋಗಿ ತೋರಿಸಿ.

ಹೋದ ತಿಂಗಳು ಅವರು ಮೊಮ್ಮಗನ ಕೈಲಿ ಸೈಕಲ್ ತಳ್ಳಿಸಿಕೊಂಡು ನಮ್ಮ ಮನೆಗೆ ಬಂದರು. ಹುಡುಗ ಏಳನೇ ತರಗತಿ. "ಪೋಸ್ಟಣ್ಣ, ಇವನ ಹ್ಯಾಂಡ್ಲು ಒಂಚೂರು ನೋಡು. ನಿನ್ನ ಮೊಮ್ಮಗಳಿಗೆ ಏನೋ ಎತ್ತಿಸಿದ್ಯಂತಲ್ಲ."

ಅದು ಹಳೆಯ ಮಾದರಿಯ ಸೈಕಲ್ಲು, ಇನ್ನೂ ಸುಲಭ. ಹ್ಯಾಂಡಲ್ಲಿನ ನಡುವೆ ಮೇಲ್ಗಡೆ ಇರುವ ಬೋಲ್ಟನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಒಂದೇಟು ಕೊಟ್ಟರೆ ಒಳಗಿನ ಹಿಡಿ ಬಿಡುತ್ತದೆ. ಆಮೇಲೆ ಹ್ಯಾಂಡಲ್ ಮೇಲಕ್ಕೆ ಬರುತ್ತದೆ. ಕಂಬಿಯ ಮೇಲೆ ಒಂದು ಗೆರೆ ಕೊರೆದಿರುತ್ತಾರೆ, ಅದು ಹೊರಗೆ ಕಾಣುವಷ್ಟು ಎತ್ತಬಾರದು. ಎತ್ತಿದರೆ ಹ್ಯಾಂಡಲ್ ಕಿತ್ತು ಕೈಗೆ ಬಂದೀತು. ಸ್ಪ್ಯಾನರನ್ನು ಹುಡುಗನಿಗೇ ಕೊಟ್ಟೆ. ಏಟು ನಾನು ಕೊಟ್ಟೆ. ಹ್ಯಾಂಡಲ್ ಚಕ್ರಕ್ಕೆ ನೇರವಾಗಿರಬೇಕಲ್ಲ, ಅದಕ್ಕೆ ಯಾರಾದರೂ ಮುಂದಿನ ಚಕ್ರವನ್ನು ಅಲುಗದಂತೆ ಹಿಡಿಯಬೇಕು. ಅಣ್ಣ ಪಂಚೆ ಎತ್ತಿ ಕಟ್ಟಿ, ಎದುರಿಗೆ ನಿಂತು, ಚಕ್ರವನ್ನು ಎರಡು ಮಂಡಿಯ ನಡುವೆ ಒತ್ತಿ ಹಿಡಿದರು. ಆ ಕೆಲಸಕ್ಕೆ ಬೆರಳು ಬೇಕಿರಲಿಲ್ಲ. "ತಿರುವೋ ಮಗ" ಎಂದರು. ಹುಡುಗ ಬೋಲ್ಟು ತಿರುವಿದ.